ದಸರಾ ಮುಗಿಸಿಕೊಂಡು ಈಕ್ವೆಡಾರ್‌ಗೆ: ನಾಲ್ಕು ಜನ, 15 ದಿನ. ಪ್ಲಾನ್ ನೋಡಿ ಹೇಳಿ

ಕುಕ್ಕರಹಳ್ಳಿ_ನಡಿಗೆ

ಎಲ್ಲರಿಗೂ ನಮಸ್ಕಾರ. ಎಂಟು ವರ್ಷದಿಂದ ಕೂಡಿಟ್ಟ ದುಡ್ಡಿನಲ್ಲಿ ಒಮ್ಮೆ ದೂರ ಹೋಗಿಬರೋಣ ಅಂತ ಮನೆಯಲ್ಲಿ ತೀರ್ಮಾನವಾಗಿದೆ. ನಾನು, ನಮ್ಮವರು, ಬಿ.ಎಸ್ಸಿ. ಎರಡನೇ ವರ್ಷದ ಮಗಳು, 68 ವರ್ಷದ ಅತ್ತೆ. ಮಗಳಿಗೆ ಹಕ್ಕಿಗಳೆಂದರೆ ಪ್ರಾಣ. ಅತ್ತೆ ದಿನಾ ಬೆಳಿಗ್ಗೆ ನನ್ನ ಜೊತೆ ಕೆರೆ ಏರಿ ಮೇಲೆ ನಡೀತಾರೆ, ಬಿ.ಪಿ. ಮಾತ್ರೆ ಬಿಟ್ಟರೆ ಬೇರೆ ತೊಂದರೆ ಇಲ್ಲ. ಮೊಟ್ಟೆಯನ್ನೂ ತಿನ್ನುವುದಿಲ್ಲ.

ಈಕ್ವೆಡಾರ್ ಆರಿಸಿದ್ದು ಮಗಳು. ದಕ್ಷಿಣ ಅಮೆರಿಕದಲ್ಲಿ, ಕರ್ನಾಟಕದ ಒಂದೂವರೆ ಪಟ್ಟು ಇರುವ ದೇಶ, ಹಕ್ಕಿಗಳು 1,600 ಜಾತಿಗೂ ಹೆಚ್ಚು. ಆಂಡಿಸ್ ಬೆಟ್ಟಸಾಲಿನ ಈ ಕಡೆ ಒಂದು ಕಾಡು, ಆ ಕಡೆ ಇನ್ನೊಂದು, ಸಮುದ್ರದಾಚೆ ಗಲಾಪಗೊಸ್ ದ್ವೀಪಗಳು.

ಈ ಸಲ ವಿಜಯದಶಮಿ ಅಕ್ಟೋಬರ್ 20ರ ಆಸುಪಾಸು. ಬೊಂಬೆ ಇಳಿಸಿ ಮಾರನೆಯ ದಿನವೇ ಹೊರಡುವ ಯೋಚನೆ. ಪ್ಲಾನ್ ಹೀಗಿದೆ: ಕೀಟೊ 2 ದಿನ, ಮಿಂಡೊ 2, ಒಟವಾಲೊ 1, ಅಮೆಜಾನ್ 3, ಕ್ವೆಂಕಾ 2, ಗಲಾಪಗೊಸ್ 3, ಉಳಿದದ್ದು ಪ್ರಯಾಣ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ.

ಮಲೆಹಕ್ಕಿ

ಮುಲಾಜಿಲ್ಲದೆ ಅಂದಿದ್ದೀರಿ, ಹಾಗೇ ಹೇಳ್ತೀನಿ ಮೇಡಂ. ಇದರಲ್ಲಿ ಅರ್ಧ ಅಳಿಸಿ. 15 ದಿನದಲ್ಲಿ ಆರು ಊರು ಅಂದರೆ ನೀವು ನೋಡುವುದು ವಿಮಾನ ನಿಲ್ದಾಣ ಮತ್ತು ಬಸ್ಸಿನ ಕಿಟಕಿ. ಅತ್ತೆಯವರು ಐದನೇ ದಿನಕ್ಕೇ ಸೋತುಹೋಗ್ತಾರೆ.

ನಾನು ಹೋಗಿದ್ದು 2019ರಲ್ಲಿ, ತೀರ್ಥಹಳ್ಳಿಯಿಂದ ಇಬ್ಬರು ಸ್ನೇಹಿತರು. ಮಿಂಡೊ ಕಡೆಯೇ ಒಂಬತ್ತು ದಿನ ಇದ್ದೆವು, ಸಾಕಾಗಲಿಲ್ಲ. ಕೀಟೊದಿಂದ ಎರಡು ಗಂಟೆ ದಾರಿ. ಮೋಡವೇ ಕಾಡಿನೊಳಗೆ ಬಂದು ಕೂರುವ ಜಾಗ. ಆಗುಂಬೆಯ ಜುಲೈ ತಿಂಗಳು ನೋಡಿದವರಿಗೆ ತೇವ ಹೊಸದಲ್ಲ, ಆದರೆ ಅಲ್ಲಿ ಒಂದೊಂದು ಕೊಂಬೆಯ ಮೇಲೂ ಪಾಚಿ, ಸೀತಾಳೆ, ಜರೀಗಿಡ ಸೇರಿ ಮರದ ಮೇಲೆ ಇನ್ನೊಂದು ತೋಟವೇ ಇರುತ್ತದೆ.

ಮಗಳಿಗೆ ಒಂದು ಮಾತು. ನಮ್ಮ ಕಡೆ ಸೂರಕ್ಕಿಯನ್ನೇ ಹಮ್ಮಿಂಗ್‌ಬರ್ಡ್ ಅನ್ನುವವರಿದ್ದಾರೆ. ನಿಜವಾದ ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ಈಕ್ವೆಡಾರ್ ಒಂದರಲ್ಲೇ ಸುಮಾರು 130 ಜಾತಿ. ಸಕ್ಕರೆ ನೀರಿನ ಬಟ್ಟಲು ತೂಗುಹಾಕಿದ ಜಗಲಿಯಲ್ಲಿ ಕೂತರೆ ಸಾಕು, ಕಿವಿ ಪಕ್ಕದಲ್ಲೇ ಹಾದುಹೋಗುತ್ತವೆ. ಅತ್ತೆಯವರಿಗೆ ಇದಕ್ಕಿಂತ ಒಳ್ಳೆಯ ಹಕ್ಕಿ ವೀಕ್ಷಣೆ ಇಲ್ಲ. ಹತ್ತುವುದು ಬೇಡ, ಇಳಿಯುವುದು ಬೇಡ.

ಎಡಿಸನ್_ಕನ್ನಡತಿ

ಮಲೆಹಕ್ಕಿಯವರ ಮಾತನ್ನು ಒಪ್ತೀನಿ, ಆದರೆ ಗಲಾಪಗೊಸ್ ಬಿಡಬೇಡಿ. ನಾವು ನ್ಯೂಜೆರ್ಸಿಯಿಂದ ಮಕ್ಕಳ ಜೊತೆ ಹೋಗಿದ್ದೆವು. ಮನುಷ್ಯನಿಗೆ ಹೆದರದ ಪ್ರಾಣಿಗಳನ್ನು ನಾನು ಅಲ್ಲಿಗೆ ಹೋಗುವ ತನಕ ನೋಡಿರಲಿಲ್ಲ. ಅಲ್ಲಿನ ಪ್ವೆರ್ತೊ ಅಯೋರ ಊರಿನ ಮೀನು ಮಾರುಕಟ್ಟೆಯಲ್ಲಿ ಸಮುದ್ರಸಿಂಹ ಮೀನು ಹೆಚ್ಚುವವಳ ಕಾಲ ಬಳಿ ನಿಂತು ಕಾಯುತ್ತದೆ, ನಮ್ಮನೆ ಬೆಕ್ಕಿನ ಹಾಗೆ. ಕ್ರೂಸ್ ಹಡಗೇ ಬೇಕಂತಿಲ್ಲ. ಊರಲ್ಲಿ ರೂಮು ಹಿಡಿದು ದಿನಕ್ಕೊಂದು ಕಡೆ ಹೋಗಿಬರಬಹುದು. ಎತ್ತರದ ತೋಟಗಳಲ್ಲಿ ದೊಡ್ಡ ಆಮೆಗಳು ತಾವಾಗಿ ಮೇಯುತ್ತಿರುತ್ತವೆ.

ಮಲೆಹಕ್ಕಿ

ಗಲಾಪಗೊಸ್ ಬೇಡ ಅನ್ನುವುದಿಲ್ಲ ಮೇಡಂ. ಮೂರು ದಿನಕ್ಕೆ ಬೇಡ ಅಂತೀನಿ. ಅದರಲ್ಲಿ ಹೋಗುವ ದಿನ, ಬರುವ ದಿನ ಕಳೆದರೆ ಉಳಿಯುವುದು ಒಂದೇ ದಿನ. ಲೆಕ್ಕವನ್ನೂ ಹಾಕಿ. ಅಲ್ಲಿನ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ 2024ರ ಆಗಸ್ಟ್‌ನಿಂದ ವಿದೇಶಿ ವಯಸ್ಕರಿಗೆ 100 ಡಾಲರ್ ಇದ್ದದ್ದು 200 ಆಗಿದೆ. ಅದರ ಮೇಲೆ ಪ್ರಯಾಣ ನಿಯಂತ್ರಣ ಕಾರ್ಡಿಗೆ 20. ನಾಲ್ಕು ಜನಕ್ಕೆ 880 ಡಾಲರ್, ವಿಮಾನದ ಖರ್ಚು ಬಿಟ್ಟು. ಆರೇಳು ದಿನ ಕೊಡುವುದಾದರೆ ಆ ದುಡ್ಡಿಗೆ ಬೆಲೆ ಇದೆ.

ವೈದ್ಯೆ_ಹಾಸನ

ಊರು ಆರಿಸುವ ಮೊದಲು ಎರಡು ವಿಷಯ ನೋಡಿಕೊಳ್ಳಿ.

ಮೊದಲನೆಯದು ಎತ್ತರ. ಕೀಟೊ ಇರುವುದು 2,850 ಮೀಟರ್ ಮೇಲೆ. ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್ ಇದೆ, ಅದಕ್ಕಿಂತ 900 ಮೀಟರ್ ಎತ್ತರದಲ್ಲಿ ನೀವು ಮಲಗಬೇಕು. 30 ಗಂಟೆ ಪ್ರಯಾಣ ಮಾಡಿ ದಣಿದು ನೇರ ಅಲ್ಲಿಗೆ ಹೋದರೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಸಾಮಾನ್ಯ. ವಿಮಾನ ನಿಲ್ದಾಣ ತಾಬಾಬೇಲಾದಲ್ಲಿದೆ, ಅದು ಸುಮಾರು 2,400 ಮೀಟರ್. ಇಳಿದ ರಾತ್ರಿ ಅಲ್ಲೇ ಮಲಗಿ ಮರುದಿನ ಸೀದಾ ಮಿಂಡೊಗೆ ಇಳಿದುಬಿಡಿ. ಅದು 1,250 ಮೀಟರ್, ನಮ್ಮ ಮಡಿಕೇರಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಕೀಟೊ ಆಮೇಲೆ ನೋಡಿದರಾಯಿತು. ಎತ್ತರದ ತೊಂದರೆ ತಡೆಯುವ ಅಸೆಟಜೋಲಮೈಡ್ ಮಾತ್ರೆ ಬೇಕೋ ಬೇಡವೋ ಅಂತ ಅತ್ತೆಯವರ ಡಾಕ್ಟರನ್ನೇ ಕೇಳಿ. ಬಿ.ಪಿ. ಮಾತ್ರೆಯ ಜೊತೆ ಹೊಂದುತ್ತದೆಯೇ, ಸಲ್ಫಾ ಅಲರ್ಜಿ ಇದೆಯೇ ಅನ್ನುವುದನ್ನು ಅವರೇ ನೋಡಬೇಕು.

ಎರಡನೆಯದು ಹಳದಿ ಜ್ವರದ ಲಸಿಕೆ, ಇದನ್ನು ಬಹಳ ಜನ ಮರೆಯುತ್ತಾರೆ. ಈಕ್ವೆಡಾರ್‌ನಿಂದ ಭಾರತಕ್ಕೆ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರ ಇರಲೇಬೇಕು. ನೀವು ಅಮೆಜಾನ್‌ಗೆ ಹೋದಿರೋ ಇಲ್ಲವೋ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ. ಸೂಜಿ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಆ ಪತ್ರಕ್ಕೆ ಮಾನ್ಯತೆ. ಆಮೇಲೆ ಜೀವನಪೂರ್ತಿ ನಡೆಯುತ್ತದೆ.

ಆದರೆ ಇದು ಜೀವಂತ ವೈರಾಣುವಿನ ಲಸಿಕೆ. 60 ದಾಟಿದವರಿಗೆ ಮೊದಲ ಸಲ ಕೊಡುವಾಗ ಗಂಭೀರ ಅಡ್ಡಪರಿಣಾಮದ ಅಪಾಯ ಹೆಚ್ಚು. ಅಪರೂಪ, ನಿಜ, ಆದರೂ ಯೋಚಿಸಲೇಬೇಕು. ಅತ್ತೆಯವರ ವಿಷಯದಲ್ಲಿ ಟಿಕೆಟ್ ಬುಕ್ ಮಾಡುವ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ.

ಕುಕ್ಕರಹಳ್ಳಿ_ನಡಿಗೆ

ತುಂಬಾ ಧನ್ಯವಾದ ಡಾಕ್ಟರ್. ಲಸಿಕೆಯ ವಿಷಯ ನಮಗೆ ಗೊತ್ತೇ ಇರಲಿಲ್ಲ. ನಾಳೆಯೇ ಅತ್ತೆಯನ್ನು ಕರೆದುಕೊಂಡು ಹೋಗ್ತೀನಿ.

ಗುಳೇದಗುಡ್ಡ_ಖಣ

ನಮಸ್ಕಾರ್ರೀ ಅಕ್ಕಾರ. ನಮ್ಮದು ಖಣ ನೇಯೋ ಮನಿತನ. ಕಂಪನಿ ಕೆಲಸಕ್ಕಂತ ನಾ ಕೀಟೊದಾಗ ಒಂದ ವರ್ಷ ಇದ್ದೆ. ನೀವು ಒಟವಾಲೊಕ್ಕ ಒಂದ ದಿನ ಇಟ್ಟೀರಲ್ಲ, ಅದು ಸಾಲಂಗಿಲ್ರೀ.

ಎಲ್ಲಾರೂ ಶನಿವಾರದ ಸಂತಿಗೆ ಹೋಗ್ತಾರ, ಪೋಂಚೋ ಚೌಕದಾಗ ಮಧ್ಯಾಹ್ನತನಕ ಸುತ್ತತಾರ, ನಾಕ ಶಾಲು ತಗೋತಾರ, ಹೊಂಟಬಿಡ್ತಾರ. ಸಂತ್ಯಾಗ ಸಿಗೋದ್ರಾಗ ಭಾಳಷ್ಟು ಯಂತ್ರದ ಮ್ಯಾಲೆ ಮಾಡಿದ ಅಕ್ರಿಲಿಕ್ ನೂಲಿಂದು. ಕೈಮಗ್ಗ ನೋಡಬೇಕಂದ್ರ ಹತ್ತಿರದಾಗ ಪೆಗೂಚೆ, ಅಗಾತೊ ಅಂತ ಹಳ್ಳಿ ಅದಾವ, ಅಲ್ಲಿ ನೇಕಾರರ ಮನಿಗೇ ಹೋಗ್ರಿ. ನಡಕ್ಕ ಪಟ್ಟಿ ಕಟಗೊಂಡು, ಹಾಸಿನ ಇನ್ನೊಂದು ತುದಿ ಕಂಬಕ್ಕ ಬಿಗದು, ತಮ್ಮ ಮೈಭಾರದಿಂದನ ನೂಲು ಜಗ್ಗಿ ನೇಯ್ತಾರ. ಸ್ಪೇನಿನವ್ರು ಬರೂಕಿಂತ ಮೊದಲಿನ ಮಗ್ಗ ಅದು. ಸ್ಪೇನಿನವ್ರು ಬಂದ ಮ್ಯಾಲೆ ಇವರನ್ನ ದೊಡ್ಡ ದೊಡ್ಡ ನೇಯ್ಗಿ ಶಾಲಿಯೊಳಗ ಕೂಡಿಹಾಕಿ ಬಿಟ್ಟಿ ದುಡಿಸಿಕೊಂಡ್ರು. ಅದs ಕಸುಬು ಹಿಡಕೊಂಡು ಅವರ ಮೊಮ್ಮಕ್ಕಳು ಇವತ್ತ ಜಗತ್ತೆಲ್ಲ ವ್ಯಾಪಾರ ಮಾಡ್ಯಾರ. ಗಂಡಸರು ಉದ್ದ ಜಡಿ, ಬಿಳಿ ಪ್ಯಾಂಟು, ಹೆಗಲ ಮ್ಯಾಲೆ ಹಾಕ್ಕೊಳ್ಳೋ ಕಂಬಳಿಯಂಥ ನೀಲಿ ಪೋಂಚೋ. ಆ ಜಡಿ ಅಂದ್ರ ಅವರಿಗೆ ಮಾನ, ಅದನ್ನ ಮುಟ್ಟೋದು, ಕೇಳದ ಫೋಟೊ ತಗಿಯೋದು ಮಾಡಬಾರದ್ರೀ.

ಒಂದ ಮನಿಯಾಗ ನಾ ನಮ್ಮ ಖಣದ ತುಂಡು ತೋರಿಸಿದೆ. ಅಜ್ಜಿ ಅದನ್ನ ತಿರುವಿ, ಒಳಮೈ ಮೊದಲ ನೋಡಿದ್ಲು. ನೇಕಾರ ಆದವರು ಹಂಗs ನೋಡೋದು. ಇಬ್ಬರಿಗೂ ಭಾಷಾ ಬರ್ತಿದ್ದಿಲ್ಲ, ಒಂದ ತಾಸು ಕುಂತು ಮಾತಾಡಿದ್ವಿ.

ಮಲೆಹಕ್ಕಿ

ಖಣದವರೇ, ಇದನ್ನು ಓದಿ ಸಂತೋಷವಾಯಿತು. ನಾವು ಒಟವಾಲೊ ಬಿಟ್ಟುಬಂದದ್ದು ಈಗ ಬೇಸರ ಅನಿಸ್ತಿದೆ.

ಇದೇ ಮಾತಿಗೆ ಸೇರಿಸಿ ಮಿಂಡೊ ಬಳಿಯ ಒಂದು ಸಂಗತಿ ಹೇಳಬೇಕು. ಆಂಹೆಲ್ ಪಾಸ್ ಅಂತ ಒಬ್ಬ ರೈತರು. ಅವರ ಜಮೀನಿನ ಕಾಡಿನಲ್ಲಿ ಕಾಕ್ ಆಫ್ ದ ರಾಕ್ ಅನ್ನುವ ಹಕ್ಕಿಯ ಗಂಡುಗಳು ಬೆಳಗಿನ ಜಾವ ಸೇರಿ ಕುಣಿಯುವ ಕಣವಿತ್ತು. ಮರ ಕಡಿದು ತೋಟ ಮಾಡುವ ಬದಲು ಹಕ್ಕಿ ನೋಡುವವರಿಗೆ ದಾರಿ ಮಾಡಿಕೊಟ್ಟರು. ಆಮೇಲೆ ದೈತ್ಯ ಆ್ಯಂಟ್‌ಪಿಟ್ಟಾ ಕಂಡಿತು. ನಮ್ಮ ನವರಂಗದ ಹಾಗೆ ನೆಲದ ಮೇಲೇ ಕುಪ್ಪಳಿಸಿ ಓಡಾಡುವ ಹಕ್ಕಿ, ನಾಚಿಕೆಯಲ್ಲಿ ನವರಂಗಕ್ಕಿಂತ ಹತ್ತು ಪಾಲು ಹೆಚ್ಚು. ಪಾಸ್ ದಿನಾ ಎರೆಹುಳು ಎಸೆದು, ತಿಂಗಳುಗಟ್ಟಲೆ ತಾಳ್ಮೆಯಿಂದ ಅದರ ಭಯ ಬಿಡಿಸಿದರು. ಮರಿಯಾ ಅಂತ ಹೆಸರಿಟ್ಟು ಕರೆದರು. ಹೆಸರು ಹಿಡಿದು ಕರೆದರೆ ಬರುವ ಆ್ಯಂಟ್‌ಪಿಟ್ಟಾ ನೋಡಲು ಜಗತ್ತಿನ ಎಲ್ಲ ಕಡೆಯಿಂದ ಜನ ಬಂದರು. ಆ ಕಾಡು ಉಳಿದದ್ದು ಹೀಗೆ. ನಾವು ಕೊಡುವ ದುಡ್ಡು ಕಾಡಿನ ಒಡೆಯನ ಕೈಗೇ ಹೋಗುವ ಇಂಥ ಜಾಗಗಳಿಗೆ ದಿನ ಕೊಡಿ ಅಂತ ನನ್ನ ಕೋರಿಕೆ.

ಆರು ಗಂಟೆಗೆ ಅಲ್ಲಿರಬೇಕು, ದಾರಿ ಕಡಿದಾಗಿದೆ, ಜಾರುತ್ತದೆ. ಮಗಳು ಮತ್ತು ನೀವು ಹೋಗಿ. ಒಳ್ಳೆ ಹಿಡಿತದ ಬೂಟು ಇರಲಿ.

ಸಂಜೆ ಹೊತ್ತು ಬೆಯ್ಯಾವಿಸ್ತಾ ಕಡೆ ಒಲಿಂಗಿಟೊ ಸಿಕ್ಕರೂ ಸಿಗಬಹುದು. ಕಂದು ಬಣ್ಣದ, ಮೆತ್ತನೆ ತುಪ್ಪಳದ ಮರವಾಸಿ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದು 2013ರಲ್ಲಷ್ಟೇ. ಅಲ್ಲಿವರೆಗೆ ಮ್ಯೂಸಿಯಂ ಡ್ರಾಯರುಗಳಲ್ಲಿ ಬೇರೆ ಪ್ರಾಣಿಯ ಹೆಸರಲ್ಲಿ ಮಲಗಿತ್ತು.

ಕೊಕ್ಕೋ_ತೋಟ

ನಾನು ಪುತ್ತೂರು ಬದಿಯವ. ಅಡಿಕೆಯ ನಡುವೆ ಕೊಕ್ಕೋ ಉಂಟು. ಈಕ್ವೆಡಾರ್‌ಗೆ ಹೋದವನಲ್ಲ, ಹೋಗುವ ಅಂದಾಜೂ ಇಲ್ಲ, ಆದರೆ ಒಂದು ಉಪಕಾರ ಕೇಳುವ ಅಂತ ಬರೆದದ್ದು.

ನಮ್ಮೂರಲ್ಲಿ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ಕೊಕ್ಕೋ ನಮಗೆ ನಿನ್ನೆ ಮೊನ್ನೆ ಬಂದ ಬೆಳೆ. ಈಕ್ವೆಡಾರ್‌ನ ದಕ್ಷಿಣದ ಅಮೆಜಾನ್ ಅಂಚಿನಲ್ಲಿ 5,300 ವರ್ಷ ಹಿಂದಿನ ಮಡಕೆಗಳಲ್ಲಿ ಕೊಕ್ಕೋದ ಅಂಶ ಸಿಕ್ಕಿದೆ ಅಂತ 2018ರಲ್ಲಿ ಓದಿದ್ದೆ. ಅಷ್ಟು ಹಳೆಯ ಮನೆತನದವರು ಬೀಜವನ್ನು ಹೇಗೆ ಹುಳಿ ಬರಿಸ್ತಾರೆ, ಎಷ್ಟು ದಿನ, ಪೆಟ್ಟಿಗೆಯಲ್ಲೋ ಬಾಳೆ ಎಲೆಯಲ್ಲೋ, ನೆರಳಿಗೆ ಯಾವ ಮರ ಇಡ್ತಾರೆ, ಇಷ್ಟು ನೋಡಿ ಬಂದು ಹೇಳ್ತೀರಾ? ನಾವು ಹಸಿ ಬೀಜವನ್ನೇ ಕೊಟ್ಟುಬಿಡುವವರು, ಆ ಕೆಲಸವೇ ನಮಗೆ ಮರೆತುಹೋಗಿದೆ.

ಗುಳೇದಗುಡ್ಡ_ಖಣ

ಕೊಕ್ಕೋ ಸಾಹೇಬ್ರ, ಅದಕ್ಕ ಇವರು ಅಮೆಜಾನ್ ಬಾಜೂಕಿನ ತೇನಾ, ಮಿಸಾವಾಯಿ ಕಡೆ ಹೋಗಬೇಕ್ರೀ. ಕೀಟೊದಿಂದ ರಸ್ತಾದಾಗ ನಾಕೈದು ತಾಸು. ಅಲ್ಲಿ ಕೀಚ್ವಾ ಅನ್ನೋ ಮೂಲ ನಿವಾಸಿ ಮಂದಿ ತಮ್ಮ ತ್ವಾಟಕ್ಕ ಚಾಕ್ರಾ ಅಂತಾರ. ನಮ್ಮ ಚಕ್ರಕ್ಕೂ ಅದಕ್ಕೂ ಸಂಬಂಧ ಇಲ್ಲ, ಕೇಳಾಕ ಮಾತ್ರ ಒಂದs. ಒಂದs ಜಾಗಾದಾಗ ಮರಗೆಣಸು, ಬಾಳಿ, ಕೊಕ್ಕೋ, ಔಷಧದ ಗಿಡ, ಮ್ಯಾಲೆ ದೊಡ್ಡ ಮರ. ನೋಡಿಕೊಳ್ಳೋರು ಹೆಚ್ಚಾಗಿ ಹೆಣ್ಣಮಕ್ಕಳು. ಮಿಸಾವಾಯಿ ಹತ್ತಿರ ಸಿಂಚಿ ವಾರ್ಮಿ ಅಂತ ಕೀಚ್ವಾ ಹೆಣ್ಣಮಕ್ಕಳs ನಡಸೋ ವಸತಿ ಐತಿ.

ನಸಿಕಿನ್ಯಾಗ ಎದ್ದು ವಾಯೂಸಾ ಎಲಿ ಕುದಿಸಿ ಕುಡೀತಾರ. ಒಲಿ ಸುತ್ತ ಕುಂತು ರಾತ್ರಿ ಬಿದ್ದ ಕನಸು ಒಬ್ಬರಿಗೊಬ್ಬರು ಹೇಳತಾರ. ಹಿರಿಯಾರು ಅದರ ಅರ್ಥ ಹೇಳಿದ ಮ್ಯಾಲೆ ದಿನದ ಕೆಲಸ.

ಮಲೆಹಕ್ಕಿ

ಆದರೆ ಮಗಳಿಗೆ ಬೇಕಾದದ್ದು ಹಳೇ ಕಾಡು ಅಂದರೆ ತೇನಾ ಸಾಲದು. ಅಲ್ಲಿ ಕಾಡು ಎಳೆಯದು, ದೊಡ್ಡ ಪ್ರಾಣಿಗಳು ಕಮ್ಮಿ. ಅಮೆಜಾನ್‌ನ ಯಸೂನಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕು. ಕೀಟೊದಿಂದ ಕೋಕಾ ಅನ್ನುವ ಊರಿಗೆ ವಿಮಾನದಲ್ಲಿ ಮುಕ್ಕಾಲು ಗಂಟೆಯೂ ಇಲ್ಲ. ಅಲ್ಲಿಂದ ನಾಪೊ ನದಿಯಲ್ಲಿ ಮೋಟಾರು ದೋಣಿ, ಆಮೇಲೆ ಕಿರುತೊರೆಯಲ್ಲಿ ಹುಟ್ಟು ಹಾಕುವ ದೋಣಿ. ಅಲ್ಲಿ ಮೋಟಾರಿಗೆ ಅವಕಾಶವಿಲ್ಲ. ಅನ್ಯಾಂಗು ಅನ್ನುವ ಕೀಚ್ವಾ ಸಮುದಾಯವೇ ನಾಪೊ ವೈಲ್ಡ್‌ಲೈಫ್ ಸೆಂಟರ್ ನಡೆಸುತ್ತದೆ. ಮಣ್ಣು ತಿನ್ನಲು ಗಿಳಿಗಳು ನೂರಾರು ಸೇರುವ ದಂಡೆ ಅವರ ನೆಲದಲ್ಲೇ ಇದೆ. ತಲೆಗೆ ಸಾವಿರ ಡಾಲರ್ ಮೀರುತ್ತದೆ, ಮುಚ್ಚಿಡುವುದಿಲ್ಲ. ಗಲಾಪಗೊಸ್ ಬಿಟ್ಟರೆ ಆ ದುಡ್ಡು ಇಲ್ಲಿಗೆ ಬರುತ್ತದೆ.

ಯಸೂನಿಯ ಕೆಲವೆಡೆ ಒಂದು ಹೆಕ್ಟೇರಿನಲ್ಲೇ 600ಕ್ಕೂ ಹೆಚ್ಚು ಜಾತಿಯ ಮರ ಎಣಿಸಿದ್ದಾರೆ. ಅದರಡಿಯಲ್ಲೇ ಎಣ್ಣೆಯೂ ಇದೆ. 2023ರ ಆಗಸ್ಟ್ 20ರಂದು ಇಡೀ ದೇಶ ಮತ ಹಾಕಿತು. ಸುಮಾರು ನೂರಕ್ಕೆ 59 ಜನ, ಉದ್ಯಾನದ ಒಂದು ಭಾಗದ ಎಣ್ಣೆಯನ್ನು ನೆಲದೊಳಗೇ ಬಿಡಿ ಅಂದರು. ಬಾವಿ ಮುಚ್ಚುವ ಕೆಲಸ ನಿಧಾನವಾಗಿದೆ, ಅದು ನನಗೆ ಸಂಕಟದ ವಿಷಯ. ಆದರೂ ಪ್ರಕೃತಿಗೆ ಹಕ್ಕಿದೆ ಅಂತ 2008ರಲ್ಲೇ ಸಂವಿಧಾನದಲ್ಲಿ ಬರೆದುಕೊಂಡ ಮೊದಲ ದೇಶ ಅದು. ಬರಹವಾಗಿಯೇ ಉಳಿಯಲಿಲ್ಲ. ಅದೇ ಹಕ್ಕಿನ ಮೇಲೆ 2021ರಲ್ಲಿ ಅವರ ಸಾಂವಿಧಾನಿಕ ನ್ಯಾಯಾಲಯ ಲಾಸ್ ಸೆದ್ರೋಸ್ ಕಾಡಿನಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮಲೆನಾಡಿನಲ್ಲಿ ಹುಟ್ಟಿದವನಿಗೆ ಇದನ್ನು ಓದಿದಾಗ ಏನನಿಸುತ್ತದೆ ಅಂತ ಬರೆಯಲು ಹೊರಟರೆ ಈ ಚರ್ಚೆಯ ದಿಕ್ಕು ತಪ್ಪುತ್ತದೆ.

ಎಡಿಸನ್_ಕನ್ನಡತಿ

ಸುರಕ್ಷತೆಯ ಬಗ್ಗೆ ಯಾರೂ ಹೇಳಲಿಲ್ಲ. 2024ರ ಜನವರಿಯಲ್ಲಿ ಮಾದಕವಸ್ತು ಗ್ಯಾಂಗುಗಳ ವಿರುದ್ಧ ಅಲ್ಲಿನ ಸರ್ಕಾರ ಆಂತರಿಕ ಸಂಘರ್ಷ ಘೋಷಿಸಿತು. ತೊಂದರೆ ಹೆಚ್ಚು ಇರುವುದು ಕರಾವಳಿಯಲ್ಲಿ, ಗ್ವಾಯಾಕಿಲ್, ಎಸ್ಮೆರಾಲ್ದಾಸ್ ಕಡೆ. ಕೊಲಂಬಿಯಾ ಗಡಿಯ ಸುಕುಂಬಿಯೋಸ್ ಕೂಡ ಬೇಡ. ರಾತ್ರಿ ಬಸ್ಸು ಬೇಡ. ಕೀಟೊದ ಹಳೇ ಪೇಟೆಯನ್ನು ಹಗಲಲ್ಲಿ ನೋಡಿ, ಕತ್ತಲಾದ ಮೇಲೆ ಹೋಟೆಲಿನವರೇ ಕರೆಸಿದ ಟ್ಯಾಕ್ಸಿ. ಹೊರಡುವ ವಾರ ಸರ್ಕಾರಿ ಸೂಚನೆಗಳನ್ನು ಮತ್ತೆ ನೋಡಿ.

ಭಾರತದ ಪಾಸ್‌ಪೋರ್ಟಿಗೆ ಮುಂಚೆಯೇ ವೀಸಾ ಬೇಕು. ಅಮೆರಿಕದ ಮೂಲಕ ಹೋದರೆ ಬರೀ ವಿಮಾನ ಬದಲಿಸಲಿಕ್ಕೂ ಅಲ್ಲಿನ ವೀಸಾ ಕೇಳ್ತಾರೆ. ಆಮ್‌ಸ್ಟರ್‌ಡ್ಯಾಮ್ ದಾರಿ ನೋಡಿ. ಈಕ್ವೆಡಾರ್‌ನಲ್ಲಿ ನಡೆಯುವುದು ಅಮೆರಿಕನ್ ಡಾಲರೇ, 2000ದಿಂದ. ಸಣ್ಣ ನೋಟು ಇಟ್ಟುಕೊಳ್ಳಿ.

ಕುಕ್ಕರಹಳ್ಳಿ_ನಡಿಗೆ

ಡಾಕ್ಟರ ಹತ್ತಿರ ಹೋಗಿಬಂದೆವು. ಅತ್ತೆಗೆ ಲಸಿಕೆ ಬೇಡ, ಅಮೆಜಾನೂ ಬೇಡ ಅಂದರು. ಬೆಟ್ಟದ ಊರುಗಳಿಗೆ, ಮಿಂಡೊಗೆ ಅಡ್ಡಿಯಿಲ್ಲವಂತೆ. ಅತ್ತೆ ಮನೆಗೆ ಬಂದವರೇ "ನನ್ನಿಂದ ನಿಮ್ಮ ಪ್ರಯಾಣ ಕೆಡೋದು ಬೇಡ, ನಾನು ಮನೇಲೇ ಇರ್ತೀನಿ" ಅಂದರು. ನನಗೆ ಊಟ ಸೇರಲಿಲ್ಲ. ವಾಪಸು ಬರುವಾಗ ಅವರೊಬ್ಬರನ್ನು ವಿಮಾನ ನಿಲ್ದಾಣದಲ್ಲಿ ಹಿಡಿದಿಟ್ಟರೆ ಅನ್ನೋ ಭಯವೂ ಇದೆ.

ನನ್ನ ಮೈದುನ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದಾನೆ. ಬರುವಾಗ ಅತ್ತೆ ಅವನ ಮನೆಯಲ್ಲಿ ಹತ್ತು ದಿನ ಇದ್ದು ಬಂದರೆ ಆಗುತ್ತದೆಯೇ ಡಾಕ್ಟರ್?

ವೈದ್ಯೆ_ಹಾಸನ

ಒಳ್ಳೆಯ ದಾರಿ ಹುಡುಕಿದ್ದೀರಿ. ನಿಯಮ ಲೆಕ್ಕ ಹಾಕುವುದು ಆ ದೇಶ ಬಿಟ್ಟ ದಿನದಿಂದ ಆರು ದಿನ. ನೆದರ್‌ಲ್ಯಾಂಡ್ಸ್ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿಲ್ಲ. ಹತ್ತು ದಿನ ಕಳೆದು ಬಂದರೆ ಅಡ್ಡಿ ಬರಬಾರದು. ಬೋರ್ಡಿಂಗ್ ಪಾಸುಗಳನ್ನು ಎಸೆಯಬೇಡಿ, ಪಾಸ್‌ಪೋರ್ಟಿನ ಮುದ್ರೆ ಸ್ಪಷ್ಟವಾಗಿರಲಿ, ಡಾಕ್ಟರ ಪತ್ರ ಜೊತೆಗಿರಲಿ. ಹೊರಡುವ ಮುಂಚೆ ಬೆಂಗಳೂರಿನ ವಿಮಾನ ನಿಲ್ದಾಣದ ಆರೋಗ್ಯ ಕಚೇರಿಗೆ ಒಂದು ಸಲ ಬರೆದು ಕೇಳಿಬಿಡಿ. ಅತ್ತೆಯವರು ಹೋಗಲೇಬೇಕು.

ಗುಳೇದಗುಡ್ಡ_ಖಣ

ಅಕ್ಕಾರ, ನಿಮ್ಮ ದಿನಾಂಕ ನೋಡಿದೆ. ನವೆಂಬರ್ 2ಕ್ಕ ನೀವು ಅಲ್ಲೇ ಇರ್ತೀರಿ. ಅದು ಅವರ ಹಿರಿಯರ ಹಬ್ಬ. ನಮ್ಮ ಮಹಾಲಯ ಅಮಾಸಿ ಇದ್ದಂಗ. ಒಟವಾಲೊ ಸ್ಮಶಾನಕ್ಕ ಕೀಚ್ವಾ ಮಂದಿ ಬುತ್ತಿ ಕಟಗೊಂಡು ಬರತಾರ. ಸಮಾಧಿ ಬಾಜೂಕ ಕುಂತು, ಸತ್ತವರಿಗೆ ಇಷ್ಟ ಇದ್ದ ಅಡಗಿ ಹಂಚಕೊಂಡು ಉಣ್ತಾರ. ಕೊಲಾದಾ ಮೊರಾದಾ ಅಂತ ಒಂದ ಪೇಯ ಮಾಡ್ತಾರ. ಕಪ್ಪು ಗೊಂಜಾಳದ ಹಿಟ್ಟು, ಬೆಟ್ಟದ ಹಣ್ಣು, ಅನಾನಸ್, ದಾಲ್ಚಿನ್ನಿ ಹಾಕಿ ಕುದಿಸಿದ್ದು, ಗಟ್ಟಿ ಗಂಜಿಯಂಗ, ನೇರಳೆ ಬಣ್ಣ. ಅದರ ಜೋಡಿ ಕೂಸಿನ ಆಕಾರದ ಬ್ರೆಡ್ಡು, ಗ್ವಾಗ್ವಾ ಅಂತಾರ. ಗ್ವಾಗ್ವಾ ಅಂದ್ರ ಕೀಚ್ವಾದಾಗ ಕೂಸು. ಅಜ್ಜಿಯಾರು ಪೇಯ ಕುಡೀಬಹುದು. ಬ್ರೆಡ್ಡಿಗೆ ತತ್ತಿ, ಹಂದಿ ಕೊಬ್ಬು ಹಾಕಿರ್ತಾರ, ಕೇಳಿ ತಗೋರಿ.

ನೀವು ಮತ್ತ ಮಗಳು ಕಾಡಿಗೆ ಹೋಗ್ರಿ, ಅಜ್ಜಿಯಾರು ಮಗನ ಜೋಡಿ ಒಟವಾಲೊದಾಗ ಇರಲಿ. ಅಕ್ಟೋಬರ್ 31 ಶನಿವಾರ ಬರತೈತಿ, ದೊಡ್ಡ ಸಂತಿನೂ ಸಿಗತೈತಿ. ಆದ್ರ ಆ ವಾರ ಅಲ್ಲಿ ಸಾಲು ರಜಾ, ರೂಮ್ ಈಗs ಹಿಡೀರಿ.

ಎಡಿಸನ್_ಕನ್ನಡತಿ

ಅತ್ತೆಯವರ ಊಟಕ್ಕೆ: ಲೊಕ್ರೊ ಅನ್ನುವ ಆಲೂಗಡ್ಡೆ ಸಾರು, ಮೇಲೆ ಚೀಸು ಮತ್ತು ಬೆಣ್ಣೆಹಣ್ಣು. ಕೋಳಿ ಬೇಯಿಸಿದ ನೀರು ಹಾಕಿದ್ದಾರಾ ಅಂತ ಕೇಳಬೇಕು. ಮೆನೆಸ್ತ್ರಾ ಅಂದರೆ ಬೇಳೆ ಗೊಜ್ಜು, ಅನ್ನದ ಜೊತೆ. ಉಮಿತಾ ಮುಸುಕಿನಜೋಳದ ಎಲೆಯಲ್ಲಿ ಬೇಯಿಸಿದ ಕಡುಬು, ಅದಕ್ಕೆ ಮೊಟ್ಟೆ ಹಾಕ್ತಾರೆ, ಹಾಗಾಗಿ ಬೇಡ. ಹುರಿದ ಜೋಳವನ್ನೂ ಕೆಲವರು ಹಂದಿ ಕೊಬ್ಬಿನಲ್ಲೇ ಹುರೀತಾರೆ. "ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ, ಸಿನ್ ವೇವೊ, ಸಿನ್ ಮಂತೇಕಾ" ಅಂತ ಸ್ಪ್ಯಾನಿಷ್‌ನಲ್ಲಿ ಚೀಟಿ ಬರೆದು ಕೊಟ್ಟಿಡಿ. ಮಾಂಸ, ಕೋಳಿ, ಮೀನು, ಮೊಟ್ಟೆ, ಕೊಬ್ಬು ಬೇಡ ಅಂತ. "ವೆಜಿಟೇರಿಯನ್" ಅಂದರೆ ಕೋಳಿ ತಂದಿಡುವವರಿದ್ದಾರೆ. ಚಟ್ನಿಪುಡಿ ಪ್ಯಾಕೆಟ್ಟಿನಲ್ಲಿ ಸೀಲ್ ಆಗಿರಲಿ. ಹಣ್ಣು, ಬೀಜ, ಹಸಿ ಕರಿಬೇವು ಒಯ್ಯಬೇಡಿ.

ಕುಕ್ಕರಹಳ್ಳಿ_ನಡಿಗೆ

ಮಗಳನ್ನು ಕೂರಿಸಿಕೊಂಡು ಕೇಳಿದೆ, ಗಲಾಪಗೊಸ್ ಬಿಡಬಹುದಾ ಅಂತ. "ಆಮೆ ನೂರೈವತ್ತು ವರ್ಷ ಬದುಕುತ್ತೆ ಅಮ್ಮ, ಕಾಯುತ್ತೆ. ಮರಿಯಾ ಥರದ ಹಕ್ಕೀನ ಮೊದಲು ನೋಡೋಣ" ಅಂದಳು. ಕ್ವೆಂಕಾ ಕೂಡ ಬಿಟ್ಟೆವು.

ಈಗಿನ ಪ್ಲಾನ್: 22ರ ರಾತ್ರಿ ವಿಮಾನ ನಿಲ್ದಾಣದ ಹತ್ತಿರ. 23ರಿಂದ ಮಿಂಡೊ ನಾಲ್ಕು ರಾತ್ರಿ. 27, 28 ಕೀಟೊ. 29ಕ್ಕೆ ನಾನು, ಮಗಳು ನಾಪೊಗೆ, ಮೂರು ರಾತ್ರಿ. ಅತ್ತೆ, ನಮ್ಮವರು ಒಟವಾಲೊಗೆ. ನವೆಂಬರ್ 1ರ ಸಂಜೆ ನಾವೂ ಅಲ್ಲಿ ಸೇರಿಕೊಳ್ತೀವಿ. 4ಕ್ಕೆ ಹೊರಡೋದು. ಕೊಕ್ಕೋ ಅಣ್ಣ, ಮಗಳು ನಿಮ್ಮ ಪ್ರಶ್ನೆಗಳನ್ನು ತನ್ನ ಹಕ್ಕಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದಾಳೆ. ಲಾಡ್ಜಿನವರಿಗೂ ಬರೆದು ಕೇಳಿದ್ದೇವೆ, ಚಾಕ್ರಾ ತೋರಿಸ್ತಾರಂತೆ.

ಅತ್ತೆಯದು ಒಂದೇ ಪ್ರಶ್ನೆ. ಸ್ಮಶಾನಕ್ಕೆ ಹೊರಗಿನವರು ಬರಿಗೈಯಲ್ಲಿ ಹೋಗಬಹುದಾ, ಏನಾದರೂ ಒಯ್ಯಬೇಕಾ?

ಗುಳೇದಗುಡ್ಡ_ಖಣ

ಹೂ ಒಯ್ಯಾಕ ಹೇಳ್ರಿ. ಕೀಟೊದಿಂದ ಒಟವಾಲೊಕ್ಕ ಹೋಗೋ ದಾರ್ಯಾಗ ಕಯಾಂಬೆ ಬರತೈತಿ, ಅಲ್ಲಿ ಗುಲಾಬಿ ಬೆಳೀತಾರ, ಜಗತ್ತಿಗೆಲ್ಲ ಕಳಸತಾರ. ಎರಡ ಕಟ್ಟು ತಗೊಂಡು ಹೋಗ್ರಿ. ಯಾರೂ ಬಂದಿರದ ಸಮಾಧಿ ಒಂದೆರಡು ಇದ್ದs ಇರತಾವ, ಅಲ್ಲಿ ಇಡಲಿ. ಯಾರರೆ ಕರದು ಊಟಕ್ಕ ಕೊಟ್ಟರ ಎರಡೂ ಕೈಲೆ ತಗೋಳಲಿ, ತಿನ್ನಾಕ ಬರದಿದ್ರೂ. ಕ್ಯಾಮೆರಾ ಚೀಲದಾಗ ಇರಲಿ.